ಹಸಿರು ಗೆರೆ

ಮಗಳು ವೇಣಿ ತೀರಿಕೊಂಡ ವರ್ಷ ನರಸಿಂಹಯ್ಯನವರ ಮನೆಯಲ್ಲಿ ಯಾವ ಹಬ್ಬವೂ ನಡೆಯಲಿಲ್ಲ. ಮರುವರ್ಷ ಭಾದ್ರಪದದಲ್ಲಿ ಅವಳ ವರ್ಷದ ಕಾರ್ಯ ಮುಗಿಯಿತು. ಹಾಗಾಗಿ ಅತ್ತಿಬೆಲೆಯ ಹೆದ್ದಾರಿ ಪಕ್ಕದ ಅವರ ಗ್ಯಾರೇಜಿನಲ್ಲಿ ಆ ಸಲದ ಆಯುಧಪೂಜೆ, ಹೋದ ವರ್ಷ ನಿಂತದ್ದನ್ನೂ ಸೇರಿಸಿಕೊಂಡು, ಜೋರಾಗಿಯೇ ನಡೆಯಿತು. ಸ್ಪ್ಯಾನರು, ಜಾಕಿ, ಗಾಳಿ ತುಂಬುವ ಯಂತ್ರ ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ಒರೆಸಿ, ವಿಭೂತಿ ಎಳೆದು, ಗಂಧ ಕುಂಕುಮ ಇಟ್ಟು ಸಾಲಾಗಿ ಜೋಡಿಸಿದರು. ಕೊನೆಗೆ ನರಸಿಂಹಯ್ಯನವರು ಬೀರುವಿನಿಂದ ವೇಣಿಯ ಲ್ಯಾಪ್‌ಟಾಪನ್ನು ಎರಡೂ ಕೈಗಳಲ್ಲಿ ಹಿಡಿದು ತಂದರು.

ಅದು ಹಳೆಯದು. ಇಟ್ಟಿಗೆಯಂತೆ ದಪ್ಪ. ಬ್ಯಾಟರಿ ಎಂದೋ ಹೋಗಿತ್ತು. ಗೋಡೆಯ ಕರೆಂಟು ಕೊಟ್ಟರೆ ಮಾತ್ರ ಏಳುತ್ತಿತ್ತು. ತಾರೀಖು ಕೇಳಿದರೆ ಹತ್ತು ವರ್ಷ ಹಿಂದಿನದನ್ನು ತೋರಿಸುತ್ತಿತ್ತು. ಆದರೆ ಕಾರುಗಳ ದೋಷವನ್ನು ಓದುವ ಸಾಫ್ಟ್‌ವೇರು ಅದರಲ್ಲೇ ಓಡುತ್ತಿತ್ತು. ಆ ಸಾಫ್ಟ್‌ವೇರಿನ ಕೇಬಲ್ಲಿಗೆ ಬೇಕಾದ ಅಗಲದ ಕಿಂಡಿ ಹೊಸ ಲ್ಯಾಪ್‌ಟಾಪುಗಳಲ್ಲಿ ಇರಲಿಲ್ಲ. ಡಿಪ್ಲೊಮಾ ಓದಿದ್ದ ವೇಣಿ, ಎಲೆಕ್ಟ್ರಾನಿಕ್ ಸಿಟಿಯ ಯಾವುದೋ ಕಂಪನಿ ಹಳೆಯ ಸಾಮಾನು ಮಾರುವಾಗ ಅದನ್ನು ಹುಡುಕಿ ತಂದಿದ್ದಳು. ಕೇಬಲ್ಲಿನ ಒಂದು ತುದಿ ಲ್ಯಾಪ್‌ಟಾಪಿಗೆ, ಇನ್ನೊಂದು ತುದಿಯ ಪ್ಲಗ್ಗು ಕಾರಿನ ಸ್ಟಿಯರಿಂಗಿನ ಕೆಳಗೆ. ಗಾಡಿಯಲ್ಲಿ ದೋಷವಿದ್ದರೆ ಪರದೆಯ ಮೇಲೆ ಕೆಂಪು ಗೆರೆ, ಇಲ್ಲದಿದ್ದರೆ ಹಸಿರು ಗೆರೆ. ಅವಳು ಜ್ವರದಲ್ಲಿ ಹೋದ ಮೇಲೆ ಅದನ್ನು ಯಾರೂ ತೆರೆದಿರಲಿಲ್ಲ. ಆ ವರ್ಷವೆಲ್ಲ ಗ್ಯಾರೇಜಿನಲ್ಲಿ ಕೈಯಿಂದ ನೋಡಿ ಮಾಡುವ ಕೆಲಸವಷ್ಟೇ ನಡೆದಿತ್ತು.

ನರಸಿಂಹಯ್ಯನವರು ಲ್ಯಾಪ್‌ಟಾಪಿನ ಮುಚ್ಚಳಕ್ಕೆ ಹೂವೇರಿಸಿದರು. ಆಮೇಲೆ ಕೇಬಲ್ಲನ್ನು ಕೈಗೆತ್ತಿಕೊಂಡರು. ಕಾರಿಗೆ ಸಿಕ್ಕಿಸುವ ಪ್ಲಗ್ಗಿನೊಳಗೆ ಸಣ್ಣ ಸೂಜಿಗಳ ಎರಡು ಸಾಲು. ಗಾಡಿಯೊಡನೆ ಮಾತಾಡುವ ಬಾಯಿ ಇದೇ ಅಲ್ಲವೆ ಎನ್ನಿಸಿ, ಉಂಗುರ ಬೆರಳನ್ನು ಗಂಧದಲ್ಲಿ ಅದ್ದಿ, ಮೇಲೆ ಕುಂಕುಮ ಸೇರಿಸಿ, ಪ್ಲಗ್ಗಿನ ಬಾಯೊಳಗೆ ಒತ್ತಿದರು. ಮತ್ತೊಮ್ಮೆ ಒತ್ತಿದರು.

ಕೆಲಸದ ಬಸಲಿಂಗ ನೋಡುತ್ತಿದ್ದವನು ನಕ್ಕ. ಅವನು ಬಾಗಲಕೋಟೆ ಕಡೆಯವನು. ಹೆಂಡತಿ ಮಹಾನಂದಾ ಬೊಮ್ಮಸಂದ್ರದ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು.

"ಯಜಮಾನ್ರ, ಇಷ್ಟ ಗಂಧಾ ಹಚ್ಚಿದ್ರ ಅದಕ್ಕ ನೆಗಡಿ ಆಗ್ತೈತ್ರೀ."

"ನಿನ್ ಕೆಲ್ಸ ನೋಡೋ. ಅವಳ ಕೈಯಾಡಿರೋ ಸಾಮಾನು ಕಣೋ ಇದು."

ಬಸಲಿಂಗ ಕರ್ಪೂರ ಹಚ್ಚಲು ಬೆಂಕಿಪೊಟ್ಟಣ ಹುಡುಕಹೋದ.

ಹಬ್ಬದ ರಜೆ ಮುಗಿದ ಬೆಳಿಗ್ಗೆ ಮೊದಲು ಬಂದದ್ದು ಒಂದು ಕೆಂಪು ಕಾರು. ಯಾರೋ ದಾರಿಹೋಕರು, ಗಂಡ ಹೆಂಡತಿ, ಹಿಂದಿನ ಸೀಟಿನಲ್ಲಿ ಎರಡು ಜಡೆಯ ಪುಟ್ಟ ಹುಡುಗಿ. ಗಡಿ ದಾಟಿ ಕೃಷ್ಣಗಿರಿಯ ಆಚೆ ಎರಡು ದಿನ ನೆಂಟರ ಊರು ಸುತ್ತಬೇಕಿತ್ತಂತೆ. ಎದುರಿನ ಫಲಕದಲ್ಲಿ, ಒದ್ದೆ ರಸ್ತೆಯಲ್ಲಿ ತಟ್ಟನೆ ತುಳಿದರೂ ಚಕ್ರ ಕಚ್ಚಿ ಜಾರದಂತೆ ತಡೆಯುವ ಬ್ರೇಕಿನ ಹಳದಿ ದೀಪ ಉರಿಯುತ್ತಿತ್ತು. ಬಸಲಿಂಗ ಕೇಬಲ್ಲು ಸಿಕ್ಕಿಸಿದ. ಲ್ಯಾಪ್‌ಟಾಪು ಮುಕ್ಕರಿಸುತ್ತ ಎದ್ದು, ಒಂದು ವರ್ಷದಿಂದ ಆ ಗ್ಯಾರೇಜಿನಲ್ಲಿ ಕೇಳಿಸದಿದ್ದ ತನ್ನ ಸದ್ದು ಮಾಡಿತು. ನರಸಿಂಹಯ್ಯನವರು ಕೈಮುಗಿದರು. ವೇಣಿ ಒತ್ತುತ್ತಿದ್ದ ಕೀಲಿಯನ್ನೇ ಬಸಲಿಂಗ ಒತ್ತಿದ.

ಹಸಿರು ಗೆರೆ ಬಂತು. ಆದರೆ ಕಾರಿನ ಹಳದಿ ದೀಪ ಹಾಗೆಯೇ ಉರಿಯುತ್ತಿತ್ತು.

"ಕಂಪ್ಯೂಟರ್ ಏನೂ ಇಲ್ಲಂತೈತಿ," ಎಂದ ಬಸಲಿಂಗ. "ಅಂದ್ರ ಈ ಲೈಟ ಸುಳ್ಳ ಹೇಳಾಕತ್ತೈತ್ರೀ."

ಈ ಯಂತ್ರ ಬರುವ ಮೊದಲು ನರಸಿಂಹಯ್ಯನವರು ಇಂಥ ಗಾಡಿಯ ಚಕ್ರ ಬಿಚ್ಚಿ, ಒಳಗೆ ಕೈಹಾಕಿ ನೋಡದೆ ಕಳಿಸುತ್ತಿರಲಿಲ್ಲ. ಈಗಲೂ ಜಾಕಿಯ ಕಡೆ ಒಮ್ಮೆ ನೋಡಿದರು. ಜಾಕಿಯ ಮೇಲೆ ವಿಭೂತಿ ಇನ್ನೂ ಮಾಸಿರಲಿಲ್ಲ. ಮಗಳ ಯಂತ್ರ ವರ್ಷದ ಮೇಲೆ ಬಾಯಿಬಿಟ್ಟು ಒಂದು ಮಾತು ಹೇಳಿದೆ. ಅದನ್ನು ಸುಳ್ಳೆನ್ನಲು ಅವರಿಗೆ ಮನಸ್ಸಾಗಲಿಲ್ಲ. ಮನೆಯಲ್ಲಿ ದೀಪ ಆರಿಸು ಎಂದು ಅವರು ಎಂದೂ ಹೇಳಿದವರಲ್ಲ. ಇಲ್ಲಿಯೂ ಹೇಳಲಿಲ್ಲ.

"ಅದನ್ನ ಶಾಂತ ಮಾಡಪ್ಪ," ಎಂದರು.

ಬಸಲಿಂಗ ಫಲಕ ಬಿಚ್ಚಿ, ಕಡಲೆಕಾಳಿನಷ್ಟಿದ್ದ ಬಲ್ಬನ್ನು ಕಿತ್ತು ಪೂಜೆಯ ತಟ್ಟೆಯೊಳಗೆ ಹಾಕಿದ. ಕಾರು ಹೊರಟಾಗ ಹುಡುಗಿ ಹಿಂದಿನ ಗಾಜಿನಿಂದ ಕೈಬೀಸಿದಳು.

ಸ್ವಲ್ಪ ಹೊತ್ತಿಗೆ ಕರಿಬಸಪ್ಪನ ವ್ಯಾನು ಬಂತು. ಬೆಳಗಿನ ಪಾಳಿಗೆ ಗಾರ್ಮೆಂಟ್ಸಿನ ಹೆಂಗಸರನ್ನು ಬಿಟ್ಟು, ಸಂಜೆ ಅವರನ್ನು ತಿರುಗಿ ಅತ್ತಿಬೆಲೆಗೆ ಕರೆತರುವುದು ಅವನ ಕೆಲಸ. ವ್ಯಾನಿನ ಮೂತಿಗೆ ಬಾಳೆಕಂದು, ಚೆಂಡುಹೂವಿನ ಹಾರ.

"ಯಜಮಾನ್ರೇ, ಕುಂಬಳಕಾಯಿ ಒಡ್ಸಿದ್ದೀನಿ, ಚಕ್ರಕ್ಕೆ ನಿಂಬೆಹಣ್ಣು ಕೊಟ್ಟಿದ್ದೀನಿ, ಆದ್ರೂ ಈ ಬ್ರೇಕ್ ಲೈಟು ಹೋಗ್ತಿಲ್ಲ ಕಣ್ರೀ. ಬಸಲಿಂಗ, ಮೊದ್ಲು ನೋಡಿದ್ದು ನಿನ್ ಹೆಂಡ್ತಿನೇ ಗುರು. ಅಣ್ಣಾ, ಇದ್ಯಾಕೆ ಉರೀತಾ ಇದೆ ಅಂತ ಒಂದೇ ಸಮ."

"ಮನ್ಯಾಗ ನನ್ನ ತಪ್ಪು ಹಿಡಿಯೂದು ಮುಗದಿರಬೇಕ. ಈಗ ನಿನ್ ವ್ಯಾನಿಗಿ ಬಂದಾಳ."

ಕರಿಬಸಪ್ಪ ನಗುತ್ತ ತನ್ನ ಫೋನನ್ನು ಗೋಡೆಯ ಹಲಗೆಯ ಮೇಲೆ ಚಾರ್ಜಿಗೆ ಇಟ್ಟ. ಬಸಲಿಂಗ ಕೇಬಲ್ಲು ಸಿಕ್ಕಿಸಿದ. ಮತ್ತೆ ಹಸಿರು ಗೆರೆ. ಮತ್ತೆ ಆ ದೀಪ ಆರಲಿಲ್ಲ. ಈ ಸಲ ಯಾರನ್ನೂ ಕೇಳಬೇಕಾಗಲಿಲ್ಲ. ಎರಡನೆಯ ಬಲ್ಬೂ ತಟ್ಟೆಗೆ ಬಿತ್ತು.

"ಗ್ರೀನ್ ಸಿಗ್ನಲ್ ಕೊಟ್ಬಿಟ್ರಲ್ಲ, ಇನ್ನೇನು!" ಎಂದು ಕರಿಬಸಪ್ಪ ಹಾರ್ನ್ ಹೊಡೆಯುತ್ತ ಹೋದ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಬನ್ನೇರುಘಟ್ಟದ ಕಡೆಯಿಂದ ಮೋಡ ಎದ್ದು ಬಂತು. ಗಾಳಿ ಪೂರ್ತಿ ನಿಂತಿತು. ಬಸಲಿಂಗ ಟೀ ತರಲು ಹೋಗಿದ್ದ. ನರಸಿಂಹಯ್ಯನವರು ಮಗಳ ಸ್ಟೂಲಿನ ಮೇಲೆ ಕುಳಿತರು. ಲ್ಯಾಪ್‌ಟಾಪು ತೆರೆದೇ ಇತ್ತು. ಸಂಜೆ ಇಂಥ ಹೊತ್ತಿನಲ್ಲಿ ಇಲ್ಲಿಂದ ಕೀಲಿಯ ಟಕ್ಕೆಂಬ ಸದ್ದು ಕೇಳುತ್ತಿತ್ತು. ಆ ಸದ್ದನ್ನು ಕೇಳುವ ಆಸೆಗೆ ಅವರು ಬೆರಳು ಚಾಚಿ ಕೀಲಿ ಒತ್ತಿದರು.

ಹಸಿರು ಗೆರೆ ಬಂತು.

ಗ್ಯಾರೇಜಿನಲ್ಲಿ ಯಾವ ಗಾಡಿಯೂ ಇರಲಿಲ್ಲ. ತಿರುಗಿ ನೋಡಿದರೆ ಕೇಬಲ್ಲು ಗೋಡೆಯ ಮೊಳೆಗೆ ಸುತ್ತಿ ನೇತುಹಾಕಿದಂತೆಯೇ ಇತ್ತು. ಮತ್ತೆ ಒತ್ತಿದರು. ಮತ್ತೆ ಹಸಿರು, ದೋಷವೇನೂ ಇಲ್ಲ.

ಕನ್ನಡಕ ಹಾಕಿಕೊಂಡು ಪರದೆಯ ಹತ್ತಿರಕ್ಕೆ ಬಾಗಿದರು. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಗಾಡಿಯ ಸಂಖ್ಯೆ ಇತ್ತು. ಅದು ಕೆಂಪು ಕಾರಿನದಲ್ಲ, ವ್ಯಾನಿನದೂ ಅಲ್ಲ. ಅದು ಅವರ ಮನೆಯ ಕಾರಿನ ಸಂಖ್ಯೆ. ಜ್ವರ ಏರಿದ ದಿನ ವೇಣಿಯನ್ನು ಆಸ್ಪತ್ರೆಗೆ ಮಲಗಿಸಿಕೊಂಡು ಹೋದ ಕಾರು. ಆಮೇಲೆ ಅದನ್ನು ಬಾಗಿಲಲ್ಲಿ ನೋಡಲಾರದೆ ಮಾರಿಬಿಟ್ಟಿದ್ದರು. ಹಾಸಿಗೆ ಹಿಡಿಯುವ ಹಿಂದಿನ ದಿನ ಅವಳು ಕೊನೆಯದಾಗಿ ಪರೀಕ್ಷೆ ಮಾಡಿದ್ದು ಅದನ್ನೇ.

"ಅಪ್ಪಾ, ಮೊದ್ಲು ನಂಬರ್ ನೋಡ್ಬೇಕು, ಆಮೇಲೆ ಗೆರೆ. ಗಾಡಿ ಮಾತಾಡ್ಲಿಲ್ಲ ಅಂದ್ರೆ ಇದು ಹಳೇದನ್ನೇ ತೋರಿಸ್ಬಿಡುತ್ತೆ." ಎಷ್ಟು ಸಲ ಹೇಳಿದ್ದಳು. ಆಗ ನಂಬರ್ ನೋಡಲು ಅವಳಿದ್ದಳು; ಅವರು ಗೆರೆಯನ್ನಷ್ಟೇ ನೋಡಿ ಕಲಿತಿದ್ದರು.

ಮೊಳೆಯಿಂದ ಕೇಬಲ್ಲು ತೆಗೆದು ಪ್ಲಗ್ಗನ್ನು ಬೆಳಕಿಗೆ ಹಿಡಿದರು. ಸೂಜಿಗಳ ಎರಡು ಸಾಲೂ ಒಣಗಿದ ಗಂಧ ಕುಂಕುಮದಲ್ಲಿ ಮುಚ್ಚಿಹೋಗಿದ್ದವು. ಬೆಳಗಿನಿಂದ ಅದಕ್ಕೆ ಯಾವ ಗಾಡಿಯ ಮಾತೂ ಕೇಳಿಸಿರಲಿಲ್ಲ.

ತಗಡಿನ ಮೇಲೆ ಮಳೆಯ ಮೊದಲ ಹನಿಗಳು ಬಿದ್ದವು. ಬಸಲಿಂಗ ಟೀ ಲೋಟ ಹಿಡಿದು ಒಳಗೆ ಬಂದ. ನರಸಿಂಹಯ್ಯನವರು ಪ್ಲಗ್ಗನ್ನು ಅವನ ಮುಂದೆ ಹಿಡಿದು ಎರಡು ಮಾತು ಹೇಳಿದರು. ಅವನು ಲೋಟವನ್ನು ಕೆಳಗಿಡುವುದನ್ನೂ ಮರೆತು ಕರಿಬಸಪ್ಪನಿಗೆ ಫೋನ್ ಮಾಡಿದ. ಗೋಡೆಯ ಹಲಗೆಯ ಮೇಲೆ, ಎಣ್ಣೆಬಟ್ಟೆಯ ಹಿಂದೆ, ಕರಿಬಸಪ್ಪನ ಫೋನು ಹಾಡತೊಡಗಿತು.

"ಮಹಾನಂದಾಗೆ ಮಾಡೋ!"

"ಆಕೀ ಫೋನ ಗೇಟಿನ್ಯಾಗ ಇಸ್ಕೋತಾರ್ರೀ. ಪಾಳಿ ಬಿಡೂ ಮಟಾ ಕೊಡಂಗಿಲ್ಲ."

ಪಾಳಿ ಬಿಡುವ ಹೊತ್ತಾಗಿತ್ತು. ಬಸಲಿಂಗ ಬೈಕು ಹತ್ತಿದ, ನರಸಿಂಹಯ್ಯನವರು ಹಿಂದೆ ಕುಳಿತರು. ಮಳೆ ಜೋರಾಯಿತು. ಹೊಸೂರು ರಸ್ತೆಯ ಲಾರಿಗಳು ಎರಚುವ ನೀರಿನಲ್ಲಿ ಎದುರು ಬದಿಯ ಒಂದೊಂದು ವ್ಯಾನನ್ನೂ ಕಣ್ಣು ಕಿರಿದು ಮಾಡಿ ನೋಡುತ್ತ ಹೋದರು. ಬಸಲಿಂಗ ದಾರಿಯುದ್ದಕ್ಕೂ ಒಂದೇ ಮಾತು ಹೇಳುತ್ತಿದ್ದ: "ಆಕೀ ಹೇಳಿದ್ಲರೀ, ಲೈಟ್ ಉರಿಯಾಕತ್ತೈತಿ ಅಂತ ಆಕೀನ ಹೇಳಿದ್ಲು."

ಚಂದಾಪುರಕ್ಕೆ ಮುಂಚೆ ಬೈಕು ನಿಲ್ಲಿಸಿ, ನಡುವಿನ ಕಟ್ಟೆ ದಾಟಿ ಆ ಬದಿಗೆ ನಿಂತರು. ದೂರದಲ್ಲಿ ಬಾಳೆಕಂದು ಕಟ್ಟಿದ ವ್ಯಾನು ಕಾಣಿಸಿತು. ಮಳೆಗೆ ಹೆದರಿ ಮನೆ ಸೇರುವ ಅವಸರದಲ್ಲಿ ಕರಿಬಸಪ್ಪ ಜೋರಾಗಿಯೇ ಓಡಿಸುತ್ತಿದ್ದ. ನರಸಿಂಹಯ್ಯನವರು ರಸ್ತೆಯಂಚಿನಲ್ಲಿ ಎರಡೂ ಕೈಯೆತ್ತಿ ನಿಂತರು. ನಿಧಾನ ಮಾಡು ಎಂದು ಹೇಳಲು ಬಂದವರು. ಕೈ ಮಾತ್ರ ನಿಲ್ಲಿಸು ಎಂದು ಹೇಳಿಬಿಟ್ಟಿತು.

ಕರಿಬಸಪ್ಪ ಅವರನ್ನು ಕಂಡು ಬ್ರೇಕು ತುಳಿದ. ಚಕ್ರಗಳು ಕಚ್ಚಿ ನಿಂತವು. ವ್ಯಾನು ನಿಲ್ಲಲಿಲ್ಲ. ಸದ್ದಿಲ್ಲದೆ ನೀರಿನ ಮೇಲೆ ಅಡ್ಡವಾಗಿ ಜಾರುತ್ತ, ಕರಿಬಸಪ್ಪ ಸ್ಟಿಯರಿಂಗ್ ತಿರುಗಿಸಿದ ಕಡೆಗೆ ಬಾರದೆ, ತನಗೆ ಬೇಕಾದ ಕಡೆಗೆ ಹೋಯಿತು. ನರಸಿಂಹಯ್ಯನವರಿಗೆ ಕಿಟಕಿಗಳ ತುಂಬ ಹೆಂಗಸರ ಮುಖಗಳು ಕಂಡವು. ವ್ಯಾನು ಅವರನ್ನು ದಾಟಿ, ರಸ್ತೆ ಕೆಲಸಕ್ಕೆ ಸುರಿದಿದ್ದ ಮರಳಿನ ರಾಶಿಗೆ ಮೂತಿ ಹೂತು ನಿಂತಿತು. ಆಮೇಲೆ ಕೂಗು ಕೇಳಿಸಿತು.

ಒಬ್ಬೊಬ್ಬರೇ ಇಳಿದರು. ಒಬ್ಬಳ ಹಣೆ ಒಡೆದಿತ್ತು. ಉಳಿದವರಿಗೆ ತರಚು ಗಾಯ. ಮಹಾನಂದಾ ಮೊಳಕೈ ಹಿಡಿದುಕೊಂಡು ಇಳಿದು, ಗಂಡನನ್ನು ಕಂಡು ಅಲ್ಲೇ ನಿಂತಳು.

"ಕರ‍್ಕೊಂಡು ಬರಾಕ ಎಂದರ ಬಂದೀರೇನು ನೀವು? ಇವತ್ತ ಯಾಕ ಬಂದ್ರಿ?"

ಬಸಲಿಂಗ ಅವಳ ಮೊಳಕೈಯನ್ನು ಮಡಿಸಿ ಬಿಡಿಸಿ ನೋಡಿದ. ಕರಿಬಸಪ್ಪ ಬಂದು ನರಸಿಂಹಯ್ಯನವರ ಮುಂದೆ ನಿಂತ.

"ಗ್ರೀನ್ ಅಂದ್ರಲ್ರೀ ಯಜಮಾನ್ರೇ. ಗ್ರೀನ್ ಅಂತ ನೀವೇ ಅಂದ್ರಿ."

ಅವರು ಒದ್ದೆ ರಸ್ತೆಯಲ್ಲೇ ನಿಂತು ದೇವರಿಗೆ ಕೈಮುಗಿಯಹೋದರು. ಅಷ್ಟರಲ್ಲಿ ಬಸಲಿಂಗ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಅಂದ:

"ಯಜಮಾನ್ರ, ಆ ಕೆಂಪು ಕಾರು..."

ಮುಗಿಯಹೋದ ಕೈ ಅರ್ಧಕ್ಕೇ ನಿಂತಿತು. ಆ ಕಾರಿನವರ ಹೆಸರು ಕೇಳಿರಲಿಲ್ಲ. ಫೋನ್ ನಂಬರು ತೆಗೆದುಕೊಂಡಿರಲಿಲ್ಲ. ಗಾಡಿಯ ನಂಬರನ್ನೂ ನೋಡಿರಲಿಲ್ಲ.

ಮುಸ್ಸಂಜೆಗೆ ಟೋ ಮಾಡಿಸಿಕೊಂಡು ವ್ಯಾನನ್ನು ಗ್ಯಾರೇಜಿಗೆ ತಂದರು. ನರಸಿಂಹಯ್ಯನವರು ಹೊಲಿಗೆ ಸೂಜಿಯೊಂದನ್ನು ತೆಗೆದುಕೊಂಡು, ಪ್ಲಗ್ಗಿನೊಳಗಿನ ಒಂದೊಂದೇ ಸೂಜಿಯ ಮೇಲಿಂದ ಕುಂಕುಮವನ್ನು ಕೆರೆದರು. ಚಟ್ಟ ಏರುವ ಮೊದಲು ಮಗಳ ಹಣೆಗೆ ಕುಂಕುಮ ಇಟ್ಟದ್ದು ಇದೇ ಬೆರಳು. ಆಮೇಲೆ ವ್ಯಾನಿಗೆ ಸಿಕ್ಕಿಸಿ, ಮೊದಲು ನಂಬರ್ ನೋಡಿ, ಕೀಲಿ ಒತ್ತಿದರು. ಒಂದರ ಕೆಳಗೊಂದು ಕೆಂಪು ಗೆರೆಗಳು ಬಂದವು.

ಬಸಲಿಂಗ ತಟ್ಟೆಯಿಂದ ಒಂದು ಬಲ್ಬನ್ನು ಆರಿಸಿ ವ್ಯಾನಿನ ಫಲಕಕ್ಕೆ ಹಾಕಿದ. ಹಳದಿ ದೀಪ ಹೊತ್ತಿಕೊಂಡಿತು. ನರಸಿಂಹಯ್ಯನವರು ಬಾಗಿಲಿಗೆ ಬಂದು ನಿಂತರು. ಮಳೆ ಅತ್ತಿಬೆಲೆಯನ್ನು ಬಿಟ್ಟು, ಗಡಿಯಾಚೆ ಕೃಷ್ಣಗಿರಿಯ ಕಡೆಗೆ ಸರಿಯುತ್ತಿತ್ತು. ಆ ಕಡೆ ಒಂದೇ ಸಮನೆ ಮಿಂಚುತ್ತಿತ್ತು.

ಪೂಜೆಯ ತಟ್ಟೆಯಲ್ಲಿ, ಬಾಡಿದ ಹೂವಿನ ನಡುವೆ, ಇನ್ನೊಂದು ಬಲ್ಬು ಉಳಿದಿತ್ತು.