ಎಣ್ಣೆ ಅಜ್ಜನ ಅಂಗಡಿ ಇದೇನಾ?

"ನಾನಿನ್ನೂ ಸತ್ತಿಲ್ಲ ಕಣೇ. ಬೇಕಿದ್ರೆ ಮೂಗಿನ ಹತ್ರ ಕೈ ಇಟ್ಟು ನೋಡು, ಉಸಿರಾಡ್ತಾ ಇದೀನಿ."

"ಸತ್ತಿದೀಯ ಅಂತ ಯಾರಪ್ಪ ಅಂದ್ರು? ಬೀದಿಗೆಲ್ಲ ಕೇಳೋ ಹಾಗೆ ಕೂಗ್ಬೇಡ. ಒಳಗೆ ಬಾ."

"ಒಳಗೆ ಬರೋಕೆ ಇದು ಯಾರ ಅಂಗಡಿ? ಅದನ್ನ ಮೊದ್ಲು ಹೇಳು."

ಅಪ್ಪ ಮಗಳು ಇಬ್ಬರಿಗೂ ಕೋಪ ಮೂಗಿನ ತುದಿಯಲ್ಲೇ. ಅವನು ಬಾಗಿಲಲ್ಲಿ ನಿಂತಿದ್ದ, ಇವಳು ಕೌಂಟರಿನ ಹಿಂದೆ. ನಡುವೆ ಬಟ್ಟೆ ಸುತ್ತಿದ ಹೊಲಿಗೆ ಮೆಷಿನ್‌ಗಳು ರಿಪೇರಿಗೆ ಕಾಯುತ್ತ ಸಾಲಾಗಿ ಕೂತಿದ್ದವು. ಪ್ಲೈವುಡ್ ಮರೆಯ ಹಿಂದೆ ಅವಳ ಗಂಡ ಯಾವುದೋ ಮೆಷಿನ್ ತಿರುಗಿಸುತ್ತಿದ್ದ. ಆ ಸದ್ದಿನಲ್ಲಿ ಅವನಿಗೆ ಹೊರಗಿನ ಮಾತು ಕೇಳಿಸುವುದಿಲ್ಲ. ಕೇಳಿಸದಿರಲಿ ಎಂದೇ ಅವಳು ದನಿ ತಗ್ಗಿಸಿ ಮಾತಾಡುತ್ತಿದ್ದಳು. ಅಪ್ಪನಿಗೆ ಅಂಥ ದಾಕ್ಷಿಣ್ಯವೇನೂ ಇರಲಿಲ್ಲ.

"ಯೂನಿಫಾರ್ಮ್ ಹೊಲಿಯೋ ಆಯಮ್ಮ ಇವತ್ತು ದಾರೀಲಿ ಸಿಕ್ಕಿದ್ಲು. ನನ್ನ ನೋಡಿ ಕೈಯಲ್ಲಿದ್ದ ಚೀಲ ಬೀಳಿಸಿದ್ಲು. 'ಅಯ್ಯೋ ಅಜ್ಜ, ನೀವಿದೀರಾ' ಅಂತಾಳೆ. ನಿಮ್ಮ ಅಂಗಡಿ ಓಣಿ ಮೂಲೆಗೆ ಬಂತಲ್ಲ, ಅಲ್ಲಿ ನೀವು ಕಾಣ್ಲಿಲ್ಲ, ಮಗಳು ಅಳಿಯ ಮಾತ್ರ ಇದ್ರು, ಹೋಗ್ಬಿಟ್ರೇನೋ ಅಂದ್ಕೊಂಡೆ ಅಂತ. ಫೋನ್ ತೆಗೆದು ತೋರಿಸಿದ್ಲು. ನನ್ನ ಹೆಸರು, ನನ್ನ ಕೈ, ನನ್ನ ಎಣ್ಣೆ ಡಬ್ಬಿ. ಅಂಗಡಿ ಮಾತ್ರ ನಿಂದು."

ಅವಳು ಕೌಂಟರಿನ ಮೇಲಿದ್ದ ತನ್ನ ಫೋನನ್ನು ಬೋರಲು ಹಾಕಿದಳು.

ಊರಿನ ದರ್ಜಿಗಳಿಗೆಲ್ಲ ಅವನು ಎಣ್ಣೆ ಅಜ್ಜ. ತಲೆ ನರೆಯುವ ಮೊದಲೇ ಅಜ್ಜನಾದವನು. ಯಾವ ಮೆಷಿನ್ ಬರಲಿ, ಬಂದ ಕೂಡಲೇ ಸ್ಕ್ರೂ ಡ್ರೈವರ್ ಮುಟ್ಟುವುದಿಲ್ಲ. ಮೊದಲು ಉದ್ದ ಮೂತಿಯ ಡಬ್ಬಿಯಿಂದ ಎಣ್ಣೆ ಬಿಡುತ್ತಾನೆ, ಚಕ್ರ ತಿರುಗಿಸಿ ಕಿವಿಗೊಟ್ಟು ಕೇಳುತ್ತಾನೆ. ಎಣ್ಣೆಯಿಂದಲೇ ಸರಿಹೋಯಿತೋ, ಕಾಸು ಮುಟ್ಟದೆ "ಹೊತ್ಕೊಂಡು ಹೋಗು" ಎನ್ನುತ್ತಾನೆ. ಓಣಿಯ ಒಳಗಿನ ಆ ಕತ್ತಲೆ ಅಂಗಡಿಗೆ ಬೋರ್ಡೇ ಇಲ್ಲ. ಬೇಕಾಗಿಯೂ ಇರಲಿಲ್ಲ.

ಅವಳ ಗಂಡ ಅಲ್ಲೇ ಕೆಲಸ ಕಲಿತವನು. ಅಲ್ಲೇ ಅಳಿಯನೂ ಆದ. ಕಷ್ಟದ ಮೆಷಿನ್‌ಗಳೆಲ್ಲ ಕ್ರಮೇಣ ಅವನ ಕೈಗೇ ಬಂದವು. ಆದರೂ ಗಿರಾಕಿ ಬಂದಾಗ ಮುಂದೆ ಕೂರುವವನು ಮಾವ, ಹೊಗಳಿಸಿಕೊಳ್ಳುವವನು ಮಾವ. ಇವನನ್ನು ಯಾರಾದರೂ ಯಾರೆಂದು ಕೇಳಿದರೆ "ನಮ್ ಹುಡುಗ" ಎಂದುಬಿಡುತ್ತಿದ್ದ. ಕಿವಿಯ ಪಕ್ಕ ಕೂದಲು ಬೆಳ್ಳಗಾದ ಮೇಲೂ ನಮ್ ಹುಡುಗ. ಒಂದು ದಿನ ಅವನು ಹೆಂಡತಿಗೆ ಹೇಳಿದ: "ನನ್ನ ಕೆಲಸ ನೋಡಿ, ನನ್ನ ಹುಡುಕ್ಕೊಂಡು ಒಬ್ಬ ಬರ್ಬೇಕು. ಒಬ್ಬನೇ ಸಾಕು. ಆಮೇಲೆ ಹಾಳಾದ್ರೂ ಚಿಂತೆ ಇಲ್ಲ."

ಹಾಗೆ ಈ ಮೂಲೆ ಅಂಗಡಿ ಶುರುವಾಯಿತು. ಬಾಡಿಗೆಗೆ ಸಿಕ್ಕಿದ್ದು ಅಪ್ಪನ ಓಣಿಯ ಬಾಯಲ್ಲೇ. ಹೊಟ್ಟೆ ಮೇಲೆ ಹೊಡೆಯೋಕೆ ಬಂದ್ರು ಎಂದು ಅಪ್ಪ ಮಾತು ಬಿಟ್ಟ. ಬೋರ್ಡಿನ ಮೇಲೆ ಗಂಡನ ಹೆಸರು ದಪ್ಪ ಅಕ್ಷರದಲ್ಲಿ ಬಂತು. ಗಿರಾಕಿ ಬರಲಿಲ್ಲ.

ಆಗ ಅವಳು ಕ್ಲಾಸಿಗೆ ಸೇರಿದಳು. ಸಣ್ಣ ಅಂಗಡಿಯವರಿಗೆ ವೆಬ್‌ಸೈಟ್ ಮಾಡಿ ಗಿರಾಕಿ ತರಿಸುವುದನ್ನು ಕಲಿಸುವ ಕ್ಲಾಸು. ಗ್ರಂಥಾಲಯದ ಮಹಡಿಯಲ್ಲಿ ನಡೆಯುತ್ತಿತ್ತು. ಕಲಿಸುವವಳು ಅವಳ ಅರ್ಧ ವಯಸ್ಸಿನ ಹುಡುಗಿ, ಮಾತು ಮಾತ್ರ ಕತ್ತರಿ. ಇವಳು ಮೊದಲು ಬರೆದುಕೊಂಡು ಹೋಗಿದ್ದು 'ಉತ್ತಮ ಗುಣಮಟ್ಟ, ನಂಬಿಕಸ್ತ ಸೇವೆ'. ಹುಡುಗಿ ಅದನ್ನು ಓದಿ ನಕ್ಕಳು. "ಮೆಷಿನ್ ಕೆಟ್ಟವಳು ಫೋನ್ ತೆಗೆದು 'ನಂಬಿಕಸ್ತ ಸೇವೆ' ಅಂತ ಹುಡುಕ್ತಾಳಾ ಅಕ್ಕ? 'ನೂಲು ಕಿತ್ತು ಹೋಗ್ತಾ ಇದೆ' ಅಂತ ಹುಡುಕ್ತಾಳೆ. ನೀವು ನಿಮ್ಮನ್ನ ಏನಂತ ಕರ್ಕೋತೀರಿ ಅನ್ನೋದು ಬೇಡ. ಜನ ಬಾಗಿಲಿಗೆ ಬಂದು ಮೊದಲು ಏನಂತಾರೆ? ಅದೇ ಮಾತು ಪುಟದ ತಲೆ ಮೇಲೆ ಇರಬೇಕು."

ಮುಂದಿನ ಕ್ಲಾಸಿಗೆ ಅದೇ ಮನೆಗೆಲಸ. ಅವಳು ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕಿವಿ ನೆಟ್ಟಗೆ ಮಾಡಿ ಕೂತಳು. ತಲೆಯ ಮೇಲೆ, ಕಂಕುಳಲ್ಲಿ, ಗಾಡಿಯ ಹಿಂದೆ ಮೆಷಿನ್ ಹೊತ್ತು ತಂದವರೆಲ್ಲ ಅವಳೆದುರು ನಿಂತು ಕೇಳಿದ್ದು ಒಂದೇ ಮಾತು.

"ಅಕ್ಕ, ಎಣ್ಣೆ ಅಜ್ಜನ ಅಂಗಡಿ ಇದೇನಾ?"

ಅಲ್ಲ, ಒಳಗೆ ಹೋಗಿ, ಎಡಕ್ಕೆ ತಿರುಗಿ. ದಾರಿ ತೋರಿಸಿ ತೋರಿಸಿ ಅವಳ ಕೈ ಸೋತಿತ್ತು. ಆ ಮಾತನ್ನು ಕ್ಲಾಸಿನಲ್ಲಿ ಹೇಳಿದಾಗ ಹುಡುಗಿಯ ಕಣ್ಣು ಮಿನುಗಿತು. "ಯಾರಿದು ಎಣ್ಣೆ ಅಜ್ಜ?"

"ನಮ್ಮಪ್ಪ."

"ಮತ್ತೇನು? ನಿಮ್ಮದೇ ಆಯ್ತಲ್ಲ."

ಅಪ್ಪನ ಹೆಸರು ಬರೆಯಲು ಮಗಳು ಯಾರ ಅಪ್ಪಣೆ ಕೇಳಬೇಕು? ಪುಟದ ತಲೆಗೆ ಅವಳು ಎಣ್ಣೆ ಅಜ್ಜ ಎಂದು ಬರೆದಳು. ಹಳೆಯ ಫೋಟೋ ಒಂದರಿಂದ ಅಪ್ಪನ ಮುಖ ಬಿಟ್ಟು ಕೈ ಮತ್ತು ಎಣ್ಣೆ ಡಬ್ಬಿ ಮಾತ್ರ ಕತ್ತರಿಸಿ ಹಾಕಿದಳು. ಮ್ಯಾಪಿನಲ್ಲಿ ಗುರುತನ್ನು ಮೂಲೆ ಅಂಗಡಿಯ ಮೇಲೆ ನೆಟ್ಟಳು. ಜನ ಬರತೊಡಗಿದರು. ಅಜ್ಜ ಎಲ್ಲಿ ಎಂದು ಕೇಳಿದವರಿಗೆ "ಅವರ ಕಡೆಯವರೇ ನಾವು, ಕೊಡಿ" ಎನ್ನುತ್ತಿದ್ದಳು. ಸುಳ್ಳೇನಲ್ಲವಲ್ಲ.

ಮರೆಯ ಹಿಂದೆ ಕೂತವನಿಗೆ ಇದೊಂದೂ ಗೊತ್ತಿಲ್ಲ. ಕೆಲಸ ಬಂದಂತೆಲ್ಲ ಅವನ ಬೆನ್ನು ನೆಟ್ಟಗಾಯಿತು. ಮುಂಚೆ ಊಟಕ್ಕೆ ಕೂತರೆ ತಟ್ಟೆ ಬಿಟ್ಟು ತಲೆ ಎತ್ತದವನು ಈಗ ಕೇಳುತ್ತಿದ್ದ, "ಇವತ್ತು ಏನು ಬರೆದಿದಾರೆ? ಓದು." ಗಿರಾಕಿಗಳು ಫೋನಿನಲ್ಲಿ ಬರೆದ ಮೆಚ್ಚುಗೆಯನ್ನು ಅವಳು ಓದುತ್ತಿದ್ದಳು. ಅಜ್ಜ ಎಂಬ ಮಾತು ಬಂದಲ್ಲಿ ಅದನ್ನು ಮೆಲ್ಲಗೆ ನುಂಗಿ ಮುಂದೆ ಹೋಗುತ್ತಿದ್ದಳು. ಅವನು ತುತ್ತು ಕೈಯಲ್ಲಿ ಹಿಡಿದೇ ಕೇಳುತ್ತಿದ್ದ. ಆ ಮುಖ ನೋಡಿದ ಮೇಲೆ ಅವಳಿಗೆ ನಿಜ ಹೇಳುವ ಧೈರ್ಯ ಬರಲಿಲ್ಲ.

"ಏನೇ, ಕಲ್ಲು ನುಂಗಿದೀಯಾ? ಮಾತಾಡು." ಅಪ್ಪ ಈಗ ಕೌಂಟರಿನ ತನಕ ಬಂದಿದ್ದ. ಅವನ ದನಿ ಇದ್ದಕ್ಕಿದ್ದಂತೆ ಇಳಿಯಿತು. "ಅಂಗಡೀಲಿ ನೊಣ ಹೊಡೀತಾ ಕೂತಿದ್ದೆ. ನನ್ನ ಕೈಯೇ ಕೆಡ್ತೇನೋ ಅಂದ್ಕೊಂಡೆ. ಕಿವಿ ಹೋಯ್ತೇನೋ ಅಂತ ನನ್ನ ಮೆಷಿನ್ನೇ ಬಿಚ್ಚಿ ಜೋಡಿಸಿ, ತಿರುಗಿಸಿ ತಿರುಗಿಸಿ ಕೇಳಿದೆ. ನಿಮ್ಮಮ್ಮನ ಹತ್ರ ಅತ್ತೂ ಬಿಟ್ಟೆ. ಇಲ್ಲಿ ನೋಡಿದ್ರೆ ನೀನು ನನ್ನನ್ನ ಮಾರ್ತಾ ಕೂತಿದೀಯ."

"ಮಾರಿದ್ರೆ ಏನೀಗ?" ಅವಳೂ ಸಿಡಿದಳು. "ನಿನಗೆ ಬೋರ್ಡು ಹಾಕೋಕೂ ಸೋಮಾರಿತನ. ಫೋನ್ ಮುಟ್ಟಲ್ಲ. ಇವರು ನಿನ್ನ ಮಗ್ಗುಲಲ್ಲಿ ಕೂತು ಬೆನ್ನು ಮುರ್ಕೊಂಡ್ರಲ್ಲ, ಒಂದು ದಿನ ಇವರ ಹೆಸರು ಹೇಳಿದ್ಯಾ? ಇವರ ಕೆಲಸಕ್ಕೆ ನೀನು ಹೊಗಳಿಸ್ಕೊಂಡೆ. ಈಗ ನಿನ್ನ ಹೆಸರಲ್ಲಿ ಇವರಿಗೆ ಕೆಲಸ ಸಿಕ್ತು. ಸರಿಹೋಯ್ತು ಬಿಡು."

ಮರೆಯ ಹಿಂದಿನ ಮೆಷಿನ್ ಯಾವಾಗ ನಿಂತಿತ್ತೋ ಅವಳಿಗೆ ತಿಳಿಯಲಿಲ್ಲ. ಗಂಡ ಕೈಯೊರೆಸುವ ಬಟ್ಟೆ ಹಿಡಿದು ಹೊರಗೆ ಬಂದಿದ್ದ.

"ಯಾರ ಹೆಸರಲ್ಲಿ?" ಎಂದ.

"ಏನಿಲ್ಲ ರೀ, ಅಪ್ಪ ಸುಮ್ನೆ ರೇಗ್ತಾ ಇದಾನೆ. ನೀವು ಒಳಗೆ ಹೋಗಿ."

"ಫೋನ್ ಕೊಡು."

"ಎಣ್ಣೆ ಕೈ ನಿಮ್ದು. ನಾನೇ ಆಮೇಲೆ ಓದ್ತೀನಿ."

"ಕೊಡು ಅಂದೆ."

ಕೊಟ್ಟಳು. ಅವನು ಓದುವುದರಲ್ಲಿ ನಿಧಾನ. ತುಟಿ ಅಲುಗಿಸುತ್ತ, ಬೆರಳಿನಿಂದ ಸರಿಸುತ್ತ ಒಂದೊಂದನ್ನೇ ಓದಿದ. ಎಣ್ಣೆ ಅಜ್ಜನ ಕೈಗುಣ ಈಗಲೂ ಹಾಗೇ ಇದೆ. ಅಜ್ಜ ಮುಟ್ಟಿದ ಮೆಷಿನ್ ಮಾತಾಡುತ್ತೆ. ಬೇರೆಯವರು ಕೈಬಿಟ್ಟಿದ್ದನ್ನು ಅಜ್ಜ ಸರಿ ಮಾಡಿದರು. ತಾನು ದಿನವಿಡೀ ತಲೆ ಕೆಡಿಸಿಕೊಂಡು, ಹಲ್ಲು ಮುರಿದ ಚಕ್ರವನ್ನು ಕೈಯಲ್ಲೇ ಅರದಿಂದ ಉಜ್ಜಿ ಕೂರಿಸಿದ ಮೆಷಿನ್ ಅದು. ಅವನಿಗೆ ಗುರುತು ಸಿಕ್ಕಿತು. ಫೋನನ್ನು ಬಟ್ಟೆಯಿಂದ ಒರೆಸಿ ಕೌಂಟರ್ ಮೇಲಿಟ್ಟ.

"ಊಟಕ್ಕೆ ಕೂತಾಗ ಓದ್ತಿದ್ದೆಯಲ್ಲ," ಎಂದ. "ಇದನ್ನೇನಾ?"

"ನಾಳೆನೇ ತೆಗೆದುಹಾಕ್ತೀನಿ ರೀ. ನಿಮ್ಮ ಹೆಸರೇ ಹಾಕ್ತೀನಿ. ಕೆಲಸ ಮಾಡಿದ್ದು ನೀವೇ ತಾನೇ?"

ಅಪ್ಪನ ಸಿಟ್ಟಿಗೆ ಈಗಷ್ಟೇ ಗುರಿ ಸಿಕ್ಕಿತ್ತು. "ಯಾಕೆ ತೆಗೀಬೇಕು ಅಳಿಯಂದ್ರೇ? ಇರ್ಲಿ. ನಾಳೆಯಿಂದ ನಾನೇ ಇಲ್ಲಿ ಬಂದು ಕೂತ್ಕೋತೀನಿ. ಹೆಸರು ನಂದು, ಕೈ ನಂದು. ನೀವು ಮೊದಲಿನ ಹಾಗೇ ಪಕ್ಕದಲ್ಲಿ ಕೂತ್ಕೊಳ್ಳಿ. ಯಾರಾದ್ರೂ ಕೇಳಿದ್ರೆ ನಮ್ ಹುಡುಗ ಅಂತೀನಿ."

ಅವನು ಮರೆಯ ಹಿಂದೆ ಹೋದ. ತನ್ನ ಸ್ಟೂಲನ್ನು ಎತ್ತಿ ತಂದು ಕೌಂಟರಿನ ಮುಂದೆ ಇಟ್ಟ. ಅದರ ಮೇಲಿನ ನೂಲಿನ ಚೂರುಗಳನ್ನು ಕೊಡವಿ, ಬಟ್ಟೆಯಿಂದ ಒರೆಸಿದ. ಕೊನೆಗೆ ಬಟ್ಟೆಯನ್ನೂ ಮಡಿಸಿ ಅದರ ಮೇಲೇ ಇಟ್ಟ.

"ಕೂತ್ಕೊಳ್ಳಿ ಮಾವ. ನಾಳೆ ತನಕ ಯಾಕೆ?"

"ರೀ, ಎಲ್ಲಿಗೆ?"

ಅವನು ಚಪ್ಪಲಿ ಮೆಟ್ಟಿಕೊಂಡು ಹೊರಗಿಳಿದ. ತನ್ನ ಹೆಸರಿನ ಬೋರ್ಡಿನ ಕೆಳಗೆ ಹಾದು ಹೋಗುವಾಗಲೂ ತಲೆ ಎತ್ತಲಿಲ್ಲ. ಅವಳು ಕೌಂಟರ್ ಸುತ್ತಿ, ಸಾಲಾಗಿ ಇಟ್ಟ ಮೆಷಿನ್‌ಗಳನ್ನು ಎಡವಿ ಬಾಗಿಲಿಗೆ ಬರುವ ಹೊತ್ತಿಗೆ ಒಬ್ಬ ದರ್ಜಿ ಮೆಟ್ಟಿಲಿಗೆ ಅಡ್ಡ ನಿಂತಿದ್ದ. ಹೆಗಲ ಮೇಲೆ ಮೆಷಿನ್, ಕೈಯಲ್ಲಿ ಫೋನ್.

"ಅಕ್ಕ, ಎಣ್ಣೆ ಅಜ್ಜನ ಅಂಗಡಿ ಇದೇನಾ?"

ಅವಳು ಅವನ ಹೆಗಲಿನಾಚೆ ಬೀದಿ ನೋಡುತ್ತಿದ್ದಳು. ಹಿಂದಿನಿಂದ ಅಪ್ಪ, "ಹೂಂ. ಇಳಿಸು," ಎಂದ. ಅವನ ದನಿಯಲ್ಲಿ ಈಗ ಸಿಟ್ಟಿರಲಿಲ್ಲ. ಎಷ್ಟೋ ಕಾಲದ ಮೇಲೆ ಮೆಷಿನ್ ಹೊತ್ತು ಒಬ್ಬ ಅವನೆದುರು ನಿಂತಿದ್ದ. ಬಟ್ಟೆ ಪಕ್ಕಕ್ಕಿಟ್ಟು ಸ್ಟೂಲಿನ ಮೇಲೆ ಕೂತು, ಎಣ್ಣೆ ಡಬ್ಬಿಗಾಗಿ ಕೈ ಚಾಚಿದ.

ಡಬ್ಬಿ ತಂದುಕೊಟ್ಟು ಅವಳು ಮತ್ತೆ ಬಾಗಿಲಿಗೆ ಬಂದಳು. ಅಂಗಡಿ ಮುಚ್ಚುವ ತನಕ ಅಲ್ಲೇ ನಿಂತಿದ್ದಳು, ಮಾರನೇ ದಿನವೂ ನಿಂತಳು. ಮೆಷಿನ್ ಹೊತ್ತವರು ಬರುತ್ತಲೇ ಇದ್ದರು. ಅವನು ಬರಲಿಲ್ಲ.