ಮೇಲೆದ್ದ ಟ್ಯಾಂಕು

ಕ್ಷೌರದಂಗಡಿಯವನಿಗೆ ತನ್ನ ಕೈಕೆಲಸದ ಮೇಲೆ ವಿಪರೀತ ನಂಬಿಕೆ. ಮನೆಯ ಹಿಂದೆ, ಮಹಡಿ ಮೆಟ್ಟಿಲ ಕೆಳಗೆ, ಆಳೆತ್ತರದ ಪ್ಲಾಸ್ಟಿಕ್ ಟ್ಯಾಂಕನ್ನು ತಾನೇ ಗುಂಡಿ ತೋಡಿ ಹೂತಿದ್ದ. ಸುತ್ತ ಬರೀ ಮರಳು. ಮೆಟ್ಟಿಲಿಗೂ ಟ್ಯಾಂಕಿನ ಬಾಯಿಗೂ ನಡುವೆ ಒಬ್ಬ ನುಸುಳುವಷ್ಟೇ ಜಾಗ.

ಆ ವಾರವೆಲ್ಲ ಮಳೆ ಸುರಿದು ನೆಲ ನೆನೆದು ತೊಪ್ಪೆಯಾಗಿತ್ತು. ನೀರು ವಾಸನೆ ಬರುತ್ತಿದೆಯೆಂದು ಅವನು ಪಂಪು ಹಚ್ಚಿ ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿ, ಬ್ರಷ್ಷು ಹಿಡಿದು ಒಳಗಿಳಿದ. ಮೇಲೆ ಅವನ ಅಕ್ಕ ಬಕೆಟ್ ಹಿಡಿದು ಕೂತಿದ್ದಳು.

ಟ್ಯಾಂಕು ಮೆಲ್ಲಗೆ ಅಲುಗಿತು.

"ತಮ್ಮಾ, ಒಳಗೆ ಕುಣೀತಿದೀಯಾ?"

"ಇಲ್ಲಕ್ಕಾ! ನೀನು ಅಲ್ಲಾಡಿಸ್ತಿಲ್ವಾ?"

ಅಷ್ಟರಲ್ಲಿ ಗೊಳಕ್ಕೆಂದು ಸದ್ದಾಗಿ, ಮರಳನ್ನು ಸೀಳಿಕೊಂಡು ಟ್ಯಾಂಕು ಎದ್ದೇಬಿಟ್ಟಿತು. ಅದರ ಬಾಯಿ ಮೆಟ್ಟಿಲ ತಳಕ್ಕೆ ಸಮೀಪಿಸಿ ನಿಂತಾಗ ಉಳಿದದ್ದು ಗೇಣಗಲದ ಸಂದಿ. ಆ ಸಂದಿಯಲ್ಲಿ ತಮ್ಮನ ಮೂಗು ಮತ್ತು ಎರಡು ಕಣ್ಣು.

ಅಕ್ಕ ಭಾರೀ ಆಳು. ಮೆಟ್ಟಿಲಿನಿಂದಾಚೆ ಹೊರಚಾಚಿದ ಟ್ಯಾಂಕಿನ ಅಂಚಿನ ಮೇಲೆ ಧೊಪ್ಪನೆ ಕೂತಳು. ಟ್ಯಾಂಕು ಒಂದಿಷ್ಟು ತಗ್ಗಿ ಅಲ್ಲೇ ತೇಲಿತು.

"ನಾನು ಕೂತರೂ ಇಳಿಯಲ್ಲ ಅಂದ್ರೆ ಇದು ಸಾಮಾನ್ಯ ಟ್ಯಾಂಕಲ್ಲ ಕಣೋ!"

ಪಕ್ಕದ ಮನೆಯ ಬಡಗಿ ಗರಗಸ ತಂದ. "ಕುಯ್ದುಬಿಡ್ತೀನಿ, ಬದಿಗೆ ಸರಿಯಿರಿ."

"ಹೊಸ ಟ್ಯಾಂಕು ಕಣಯ್ಯಾ!" ಒಳಗಿಂದ ಕೂಗು.

ಹೊಲಿಗೆ ಯಂತ್ರ ಬಿಟ್ಟು ಹೆಂಡತಿ ಓಡಿಬಂದಳು. ಟ್ಯಾಂಕಿನ ಸುತ್ತ ನೀರು ಗುಳುಗುಳು ಎನ್ನುತ್ತಿತ್ತು. ಒಂದು ಕ್ಷಣ ನೋಡಿ, ನಗು ತಡೆದುಕೊಂಡು ಸಂದಿಗೆ ಬಾಯಿಟ್ಟಳು.

"ರೀ, ಖಾಲಿ ಕೊಡವನ್ನ ನೀರಲ್ಲಿ ಒತ್ತಿದ್ರೆ ಏನಾಗುತ್ತೆ?"

"ಪುಟಿದು ಮೇಲೆ ಬರುತ್ತೆ. ಈಗ ಅದ್ಯಾಕೆ?"

"ನೀವು ಆ ಕೊಡದೊಳಗಿದೀರಿ. ನೆಲದಡಿ ತುಂಬಿರೋ ನೀರು ನಿಮ್ಮನ್ನ ಎತ್ತಿದೆ. ತೂಕ ಬರಬೇಕಂದ್ರೆ ಒಳಗೆ ನೀರು ಬಿಡಬೇಕು."

"ನಾನಿರುವಾಗಲೇ? ನನ್ನ ಮುಳುಗಿಸ್ತೀಯಾ?"

"ಟ್ಯಾಂಕು ಮುಳುಗಿಸ್ತೀನಿ, ನಿಮ್ಮನ್ನಲ್ಲ. ನೆಟ್ಟಗೆ ನಿಂತ್ಕೊಳ್ಳಿ."

ಪೈಪು ಒಳಗೆ ಹೋಯಿತು. ನೀರು ಪಾದಕ್ಕೆ ಬಂತು, ಮೊಣಕಾಲಿಗೆ ಬಂತು. ಸುತ್ತಲಿನ ಮರಳು ಕಚ್ಚಿ ಹಿಡಿದಿದ್ದರಿಂದ ಟ್ಯಾಂಕು ಜಗ್ಗಲಿಲ್ಲ. ಅವನ ಧ್ವನಿ ಸಣ್ಣಗಾಯಿತು. "ಲೇ, ನನಗೆ ಈಜು ಬರಲ್ಲ..."

ಅವಳ ಮುಖದ ನಗು ಮಾಯವಾಯಿತು. ಸಂದಿಯಲ್ಲಿ ಕೈ ತೂರಿಸಿ ಅವನ ಬೆರಳು ಹಿಡಿದುಕೊಂಡಳು. "ಇಲ್ಲೇ ಇದೀನಿ. ಎದೆ ದಾಟಿದ್ರೆ ನಿಲ್ಲಿಸ್ತೀನಿ."

ನೀರು ಸೊಂಟಕ್ಕೆ ಬಂದಾಗ ಟ್ಯಾಂಕು ಒಮ್ಮೆ ನರಳಿ ಇಂಚಿಂಚೇ ಕೆಳಗಿಳಿಯತೊಡಗಿತು. ಸಂದಿ ಅಗಲವಾಯಿತು. ಮೊದಲು ತಲೆ, ಆಮೇಲೆ ಭುಜ. ಅಕ್ಕ ಒಂದು ಕೈ, ಬಡಗಿ ಇನ್ನೊಂದು ಕೈ ಹಿಡಿದೆಳೆದರು. ನೆನೆದು ನಡುಗುತ್ತಾ ಹೊರಬಿದ್ದವನನ್ನು ಹೆಂಡತಿ ಟವೆಲ್ಲಿನಲ್ಲಿ ಸುತ್ತಿ, ಗದರಿಸಿ, ಮತ್ತೆ ಗಟ್ಟಿಯಾಗಿ ಉಜ್ಜಿದಳು. ಆಮೇಲೆ ಟ್ಯಾಂಕನ್ನು ಕತ್ತಿನವರೆಗೂ ತುಂಬಿಸಿದಳು. ನೆಲ ಒಣಗಿದ ಮೇಲೆ ಸುತ್ತ ಕಾಂಕ್ರೀಟು ಹಾಕಿಸಿದರು.

ಟ್ಯಾಂಕಿನಿಂದ ಹೊರಬಂದ ಮರುದಿನವೇ ಅಂಗಡಿಯಲ್ಲಿ ಅವನು ಗಿರಾಕಿಯ ಕೆನ್ನೆಗೆ ನೊರೆ ಹಚ್ಚುತ್ತಾ ಹೇಳುತ್ತಿದ್ದ: "ನನಗೆ ತಕ್ಷಣ ಹೊಳೀತು ನೋಡಿ, ಒಳಗೆ ನೀರು ಬಿಡಿ ಅಂದೆ..."

ಅಂಗಡಿಗೂ ಮನೆಗೂ ನಡುವಿನ ಪರದೆಯ ಹಿಂದಿನಿಂದ ಹೆಂಡತಿ ಕೆಮ್ಮಿದಳು.

"...ಅಂದಳು ನಮ್ಮವಳು" ಎಂದು ಅವನು ವಾಕ್ಯ ಮುಗಿಸಿದ.