ಊದುಗೊಳವೆ

ಬಿಳೂರಿನ ಶಿವಯೋಗೆಪ್ಪನಿಗೆ ಗ್ಯಾಸಿನ ಮೇಲೆ ಬೇಯಿಸಿದ ರೊಟ್ಟಿ ಸೇರುತ್ತಿರಲಿಲ್ಲ. ಬೆಂಕಿ ಹಚ್ಚಬೇಕು ಆ ನಾಲಿಗೆಗೆ. ಅದರ ರುಚಿಗಾಗಿ ಹೆಂಡತಿ ದಾಕ್ಷಾಯಣಿ ಮದುವೆಯಾದಾಗಿನಿಂದ ಊದುಗೊಳವೆ ಹಿಡಿದು ಒಲೆಯ ಮುಂದೆ ಕೂತಿದ್ದಳು. ಈಗ ಅಂಗಳ ದಾಟಿದರೂ ಅವಳ ಎದೆ ಸಿಳ್ಳೆ ಹಾಕುತ್ತಿತ್ತು.

ಜತ್ತಿನ ಡಾಕ್ಟರು ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು: “ಹೊಗಿ ಕುಡದು ಫುಪ್ಪುಸ ಕೆಟ್ಟಾವ್ರಿ. ರಕ್ತದಾಗ ಜಿಂಕ್ ಭಾಳ ಕಡಿಮಿ ಐತಿ. ಅದಿಲ್ಲಂದ್ರ ರೋಗದ ಜೋಡಿ ಬಡದಾಡೋ ಬಿಳಿ ಕಣಕ್ಕ ಕಸುವು ಇರಂಗಿಲ್ಲ. ಗುಳಿಗಿ ಬರದು ಕೊಡ್ತೀನಿ. ಆದ್ರ ಮೊದಲ ಒಲಿ ಬಿಡಸ್ರಿ.”

ಶಿವಯೋಗೆಪ್ಪನ ಕಿವಿಗೆ ಬಿದ್ದದ್ದು ಜಿಂಕ್ ಒಂದೇ. ದಾಳಿಂಬೆ ತೋಟಕ್ಕೆ ಹಾಕುವ ಜಿಂಕ್ ಗೊಬ್ಬರ ಮನೆಯಲ್ಲೇ ಇರುವಾಗ ಗುಳಿಗೆ ಯಾಕೆ? ಸಂಜೆ ಒಂದು ಹಿಡಿ ತಂದು ನೀರಿನಲ್ಲಿ ಕದಡಿದ.

“ಕುಡಿ.”

“ಗಿಡಕ್ಕ ಹಾಕೂದ್ರಿ ಅದು.”

ಅವನು ಅವಳ ತುರುಬು ಹಿಡಿದು ತಲೆಯನ್ನು ಗೋಡೆಗೆ ಒತ್ತಿ, ದವಡೆ ಅದುಮಿ ಬಾಯಿಗೆ ಸುರಿದ. ದಾಕ್ಷಾಯಣಿ ಉರಿಯುವ ಒಲೆಯ ಮೇಲೆಯೇ ಕಕ್ಕಿದಳು. ಕಕ್ಕಿದ್ದರಲ್ಲಿ ರಕ್ತವಿತ್ತು.

“ಹೊಲಸೆಲ್ಲಾ ಹೋತು,” ಎಂದ ಶಿವಯೋಗೆಪ್ಪ. “ಲಗೂನ ಎದ್ದು ರೊಟ್ಟಿ ಬಡಿ.”

ಅವಳು ಎದ್ದಳು. ಕಬ್ಬಿಣದ ಊದುಗೊಳವೆ ಎತ್ತಿ ಅವನ ಬಾಯಿಗೇ ಬಾರಿಸಿದಳು. ಹಲ್ಲು ಮುರಿದ ಸದ್ದು ಕೇಳಿಸಿತು. ಇನ್ನೊಂದು ಏಟಿಗೆ ಅವನು ಒಲೆಯ ಮುಂದೆ ಬೂದಿಯಲ್ಲಿ ಕುಸಿದು, ಹರಿದ ತುಟಿ ಹಿಡಿದುಕೊಂಡು ನರಳಿದ.

ಅವಳು ಗೋಡೆಗೆ ಒರಗಿ, ಉಸಿರು ಸಿಗುವವರೆಗೆ ನಿಂತಳು. ಆಮೇಲೆ ಊದುಗೊಳವೆಯನ್ನು ಅವನ ತೊಡೆಯ ಮೇಲೆ ಎಸೆದು, ಎಂದಿನ ಮರ್ಯಾದೆಯಲ್ಲೇ ಹೇಳಿದಳು:

“ಒಲಿ ಆರಾಕತ್ತೈತಿ. ಊದ್ರಿ.”